ಎಡಕ್ಕೆ ವಾಲುವವರು

ಅವರು ಅಂಗೈ ಚಾಚಿದಾಗ ನಡುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಒಂದು ಸಂದು ಉಳಿಯುತ್ತಿತ್ತು. ಕೈ ಕವಲೊಡೆದ ಕೊಂಬೆಯಂತೆ ಕಾಣುತ್ತಿತ್ತು. ಬೆರಳುಗಳು ಗಿಡ್ಡ, ದಪ್ಪ. ಭುಜದಿಂದ ಹೊರಟ ತೋಳು ಬಹಳ ಬೇಗ ಮೊಣಕೈಯನ್ನು ತಲುಪಿಬಿಡುತ್ತಿತ್ತು. ಹೂ ಮುಡಿಯಲು ಕೈ ತಲೆಯ ಹಿಂಭಾಗಕ್ಕೆ ಎಟುಕದ ಕಾರಣ ಜಡೆಯನ್ನು ಮುಂದಕ್ಕೆಳೆದು, ಹೂ ಸಿಕ್ಕಿಸಿ, ಮತ್ತೆ ಹಿಂದಕ್ಕೆ ಎಸೆಯುತ್ತಿದ್ದರು. ಕೈಕಾಲುಗಳ ಮೂಳೆಗಳು ಹುಟ್ಟಿನಿಂದಲೇ ಉದ್ದ ಬೆಳೆಯದ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆಯೆಂದು ನನಗಾಗ ತಿಳಿದಿರಲಿಲ್ಲ. ಯಶವಂತಪುರದ ಬೀದಿ ಅವರಿಗೆ ಇಟ್ಟಿದ್ದ ಹೆಸರುಗಳನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ನಮಗೆ ಅವರು ಟೈಪಿಂಗ್ ಮೇಡಂ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪದವಿ ಮುಗಿಸಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಟೈಪಿಂಗ್ ಬಾರದಿದ್ದರೆ ಪದವಿಯಿಂದ ಉಪಯೋಗವಿಲ್ಲವೆಂದು ಯಾರೋ ಹೇಳಿದ್ದರಿಂದ ಅಪ್ಪ ನನ್ನನ್ನು ದಾಸರಹಳ್ಳಿಯಿಂದ ಯಶವಂತಪುರದ ಅವರ ಟೈಪಿಂಗ್ ಸಂಸ್ಥೆಗೆ ಕರೆತಂದರು. ಮೇಡಂ ಅವರನ್ನು ನೋಡಿ ನನ್ನ ಕಿವಿಯಲ್ಲಿ, "ಆ ಕೈಯಾಗೆ ಆಯಮ್ಮ ನಿಂಗೇನ್ ಕಲಿಸ್ತಾಳವ್ವ?" ಎಂದರು. ಅಪ್ಪನ ಪಿಸುಮಾತು ಹೊಲದ ಆಚೆ ಬದಿಗೂ ಕೇಳುವಂಥದ್ದು.

"ಮೂರು ತಿಂಗಳು ಬಿಟ್ಟು ಬಂದು ನೋಡಿ ಯಜಮಾನ್ರೇ. ಅಲ್ಲೀವರ್ಗೂ ನಿಮ್ಮ ಮಗಳ ಕೈ ನಂದು" ಎಂದರು ಮೇಡಂ.

ಅವರು ನಮ್ಮಂತೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಮಂಡಿಯ ಗುಮಾಸ್ತರು ಚಾಪೆಯ ಮೇಲೆ ಕುಳಿತು ಬರೆಯಲು ಬಳಸುವಂಥ ಗಿಡ್ಡ ಮೇಜೊಂದನ್ನು ಮಾಡಿಸಿಕೊಂಡು, ಅದರ ಮೇಲೆ ಟೈಪಿಂಗ್ ಯಂತ್ರವಿಟ್ಟು, ನೆಲದಲ್ಲಿ ಕುಳಿತು ಪಾಠ ಹೇಳುತ್ತಿದ್ದರು. ಒಬ್ಬ ತುಂಟ ಬಾಗಿಲಲ್ಲಿ ನಿಂತು, "ಮೇಡಂ, ಎಲ್ಲಿದ್ದೀರಾ? ಕಾಣ್ತಾನೇ ಇಲ್ಲ!" ಎಂದು ಕೂಗಿದ.

"ನಿನ್ನ ತಪ್ಪುಗಳು ಮಾತ್ರ ಇಲ್ಲಿಂದಾನೇ ಕಾಣ್ತಿವೆ ಕಣೋ. ಒಳಗ್ ಬಾ."

ಸಾಲು ಮುಗಿಯುವಾಗ ಯಂತ್ರದ ಗಂಟೆ ಬಾರಿಸುತ್ತದೆ. ಕಾಗದ ಹೊತ್ತ ಕ್ಯಾರೇಜ್ ಅಷ್ಟರಲ್ಲಿ ಎಡಕ್ಕೆ ದೂರ ಸರಿದಿರುತ್ತದೆ. ಅದನ್ನು ಹಿಂದಕ್ಕೆ ತಳ್ಳುವ ಲಿವರ್ ಮುಟ್ಟಲು ಮೇಡಂ ಇಡೀ ಮೈಯನ್ನು ಎಡಕ್ಕೆ ವಾಲಿಸಿ, ತಳ್ಳಿ, ನೆಟ್ಟಗಾಗುತ್ತಿದ್ದರು. ಅದೂ ಪಾಠದ ಭಾಗವೆಂದೇ ನಾವು ನಂಬಿದೆವು. ನೀಳವಾದ ಕೈಗಳಿದ್ದ ನಾವೆಲ್ಲರೂ ಗಂಟೆ ಬಾರಿಸಿದೊಡನೆ ಎಡಕ್ಕೆ ವಾಲುತ್ತಿದ್ದೆವು. ಪರೀಕ್ಷೆಗೆ ಹೋದರೆ ಬೇರೆ ಸಂಸ್ಥೆಯವರು, "ಅಗೋ, ವಾಲಾಡೋರು ಬಂದ್ರು" ಎಂದು ನಗುತ್ತಿದ್ದರು.

ಆ ವರ್ಷ ಸಂಸ್ಥೆಯನ್ನು ಕಟ್ಟಿದ್ದ ಅವರ ಅಣ್ಣ ತೀರಿಕೊಂಡರು. ಟೈಪಿಂಗ್‌ನ ಮೇಲಿನ ಹಂತವಾದ ಸೀನಿಯರ್ ಪರೀಕ್ಷೆ ಪಾಸಾಗಿದ್ದವರು ಅಣ್ಣ ಮಾತ್ರ. ಸಂಸ್ಥೆಯ ಸರ್ಕಾರಿ ಮಾನ್ಯತೆ ಉಳಿಯಬೇಕಾದರೆ ಈಗ ಮೇಡಂ ಪಾಸಾಗಬೇಕಿತ್ತು. ಒಮ್ಮೆ ಪ್ರಯತ್ನಿಸಿದ್ದರು. ಎತ್ತರದ ಕುರ್ಚಿಯಲ್ಲಿ ಕಾಲು ನೇತಾಡುತ್ತ, ಕೈ ಎಟುಕದೆ, ಪುಟ ಅರ್ಧಕ್ಕೇ ನಿಂತಿತ್ತು. ಈ ಸಲವೂ ತಪ್ಪಿದರೆ ಬಾಗಿಲು ಮುಚ್ಚುವುದೊಂದೇ ಉಳಿದಿದ್ದ ದಾರಿ. ಅದಕ್ಕಾಗಿ ಗಿಡ್ಡ ಮೇಜನ್ನೂ ಒಯ್ಯುವುದೆಂದು ನಿಶ್ಚಯಿಸಿದರು. ಸೀನಿಯರ್ ಪರೀಕ್ಷೆಗೆ ನಾನೂ ಅವರೊಂದಿಗೆ ಕುಳಿತಿದ್ದೆ.

ಆಗ ಯಂತ್ರಗಳನ್ನು ನಾವೇ ಪರೀಕ್ಷಾ ಕೇಂದ್ರಕ್ಕೆ ಸಾಗಿಸಬೇಕಿತ್ತು. ತಳ್ಳುಗಾಡಿಯವನು ಯಂತ್ರಗಳನ್ನೆಲ್ಲ ಇಳಿಸಿದ. ಮೇಜು ಮಾತ್ರ ಕಾಣಲಿಲ್ಲ.

"ಮೇಜೆಲ್ಲಪ್ಪಾ?" ಎಂದು ಕೇಳಿದೆ.

"ಅದು ದೇವ್ರ ಮಣೆ ಅಲ್ವಾ ತಾಯಿ? ತುಳಿದಾಡೋ ಗಾಡಿ ಮ್ಯಾಲೆ ಎಂಗ್ ಇಡದು ಅಂತ ಕೈಮುಗ್ದು ಗ್ವಾಡೆಗ್ ಒರಗಿಸ್ಬುಟ್ ಬಂದೆ."

ತರಿಸಲು ಸಮಯವಿರಲಿಲ್ಲ. ಮೇಡಂ ಅವನನ್ನು ಬಯ್ಯಲಿಲ್ಲ. ಕುರ್ಚಿಯನ್ನೇ ದಿಟ್ಟಿಸಿದರು. ನಂತರ ಯಂತ್ರವನ್ನು ಕುರ್ಚಿಯ ಮೇಲೆ ಇರಿಸಲು ನನಗೆ ಹೇಳಿ, ಎದುರಿಗೆ ನಿಂತರು. ನನಗೆ ಭಯವಾಯಿತು, ಏಕೆಂದರೆ ಸ್ವಲ್ಪ ಹೊತ್ತು ನಿಂತರೂ ಅವರಿಗೆ ಸೊಂಟ ಹಿಡಿದು ಕಾಲು ಮರಗಟ್ಟುತ್ತಿತ್ತು.

ಮೇಲ್ವಿಚಾರಕರು ಬಂದರು. "ಏನಮ್ಮಾ ಇದು? ಎಲ್ಲರೂ ಕೂತಿದ್ದಾರೆ, ನೀವೊಬ್ರೇ ನಿಂತ್ಕೊಂಡ್ರೆ ಹೇಗೆ?"

"ಸಾರ್, ನಾನು ನಿಂತ್ರೇನೇ ಇವರೆಲ್ಲಾ ಕೂತಷ್ಟು ಆಗೋದು."

ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಲ್ವಿಚಾರಕರು ನಗಲಿಲ್ಲ, ಗಡಿಯಾರ ನೋಡಿಕೊಂಡರು. "ಆಯ್ತು. ಆದ್ರೆ ಜಾಸ್ತಿ ಟೈಮ್ ಕೊಡಲ್ಲ."

"ಕೇಳಿದ್ನಾ ಸಾರ್?"

ಪರೀಕ್ಷೆ ಆರಂಭವಾಯಿತು. ಪಕ್ಕದಲ್ಲೇ ಇದ್ದ ನನಗೆ ಅವರ ಯಂತ್ರದ ಸದ್ದು ಬೇರೆಯಾಗಿ ಕೇಳುತ್ತಿತ್ತು: ಗಂಟೆ, ಎಡಕ್ಕೊಂದು ಹೆಜ್ಜೆ, ಕ್ಯಾರೇಜ್ ಜಾರುವ ಸದ್ದು, ಹಿಂದಕ್ಕೊಂದು ಹೆಜ್ಜೆ. ನಿಂತಿದ್ದರಿಂದ ವಾಲುವ ಬದಲು ಹೆಜ್ಜೆಯಿಡಬಹುದಿತ್ತು. ನೆಲದಲ್ಲಿ ಕುಳಿತಾಗಿನದಕ್ಕಿಂತ ವೇಗವಾಗಿಯೇ ಸಾಲುಗಳು ಓಡಿದವು. ಪುಟದ ಕೊನೆಯ ಭಾಗಕ್ಕೆ ಬಂದಾಗ ಅವರ ಗಂಟೆ ಬಾರಿಸಿತು. ಹೆಜ್ಜೆಯ ಸದ್ದು ಬರಲಿಲ್ಲ.

ನಾನು ತಲೆಯೆತ್ತಲಿಲ್ಲ. ಏನೇ ಆದರೂ ನೋಡಿ ಹೊಡೆಯುವ ಪ್ರತಿಯಿಂದ ಕಣ್ಣು ಕದಲಿಸಬಾರದೆಂದು ಕಲಿಸಿದವರೇ ಅವರು. ಮುಂದೆ ಹೊಡೆದ ಪದ ಸರಿಯೋ ತಪ್ಪೋ ತಿಳಿಯಲಿಲ್ಲ. ಆಗ ಕುರ್ಚಿ ಕಿರುಗುಟ್ಟಿತು, ಒಂದು ನಿಟ್ಟುಸಿರು ಕೇಳಿತು, ಕ್ಯಾರೇಜ್ ಜಾರಿತು. ಆಮೇಲೆ ತಿಳಿಯಿತು: ಕಾಲು ಮರಗಟ್ಟಿ ಹೆಜ್ಜೆ ಏಳದಿದ್ದಾಗ ಹೊಟ್ಟೆಯನ್ನು ಕುರ್ಚಿಯ ಅಂಚಿಗೆ ಆನಿಸಿ, ಎಂದಿನಂತೆ ಎಡಕ್ಕೆ ವಾಲಿದ್ದರು. ಕೊನೆಯ ಸಾಲಿನವರೆಗೆ ಹಾಗೆಯೇ ವಾಲಿದರು. ಸಮಯ ಮುಗಿದಾಗ ಅವರನ್ನು ಇಬ್ಬರು ಹಿಡಿದು ಕೂರಿಸಬೇಕಾಯಿತು.

"ನೀನು ಪೂರ್ತಿ ಮಾಡಿದ್ಯಾ?" ಎಂಬುದೇ ಅವರ ಮೊದಲ ಮಾತು.

ಇಬ್ಬರೂ ಪಾಸಾದೆವು. ಅಣ್ಣನ ಹೆಸರಿನ ಬೋರ್ಡ್ ಬಾಗಿಲ ಮೇಲೆ ಉಳಿಯಿತು. ನನಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಪ್ಪ ತಾವೇ ಹೊಲದ ಅವರೆಕಾಯಿ ಹೊತ್ತುಕೊಂಡು ಹೋಗಿ ಮೇಡಂ ಮನೆಗೆ ಕೊಟ್ಟು ಬಂದರು. ಅಂದಿನಿಂದ ಅಪ್ಪನ ಬಾಯಲ್ಲಿ 'ಆಯಮ್ಮ' ಹೋಗಿ 'ಮೇಡಮ್ನೋರು' ಬಂತು.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ನಮ್ಮ ಕಚೇರಿಗೆ ವರ್ಗವಾಗಿ ಬಂದ ಗುಮಾಸ್ತರೊಬ್ಬರು ನಾನು ಪತ್ರ ಟೈಪ್ ಮಾಡುವುದನ್ನು ನೋಡುತ್ತ ನಿಂತರು.

"ಯಶವಂತಪುರದ ಮೇಡಂ ಹತ್ರ ಕಲ್ತೋರಾ ನೀವು?"

"ಹೌದು. ನಿಮಗೆ ಹೇಗೆ ಗೊತ್ತಾಯಿತು?"

"ವಾಲ್ತೀರಲ್ಲ. ನಾನೂ ಅಲ್ಲೇ ಕಲ್ತಿದ್ದು." ಅವರೇ ಮತ್ತೆ ಹೇಳಿದರು: "ಹೋದ್ ತಿಂಗಳು ತೀರ್ಕೊಂಡ್ರು ಕಣ್ರೀ. ಕಾಲು ಪೂರ್ತಿ ಬಿದ್ದೋಗಿತ್ತು. ಆದ್ರೂ ಯಾರಾದ್ರೂ ಎತ್ತಿ ಆ ಗಿಡ್ಡ ಮೇಜಿನ ಮುಂದೆ ಕೂರಿಸಿದ್ರೆ ಪಾಠ ಹೇಳ್ತಿದ್ರು."

ಯಂತ್ರದಲ್ಲಿ ಅರ್ಧ ಮುಗಿದ ಪತ್ರವಿತ್ತು. ನಿಂತಿದ್ದ ಪದದಿಂದ ಮುಂದುವರಿಸಿದೆ. ಗಂಟೆ ಬಾರಿಸಿತು. ಲಿವರ್ ನನ್ನ ಕೈಗೆ ಸಲೀಸಾಗಿ ಎಟುಕುವಷ್ಟು ಹತ್ತಿರವೇ ಇತ್ತು. ನಾನು ಎಡಕ್ಕೆ ವಾಲಿದೆ.