ಒಂದೇ ಮಂಚದ ಇಬ್ಬರು

ನಮ್ಮ ಭಾವ ಇಪ್ಪತ್ತೆರಡು ವರ್ಷ ಸಮುದ್ರದ ನಡುವೆ ಎಣ್ಣೆ ತೆಗೆಯುವ ರಿಗ್‌ನಲ್ಲಿ ಕ್ರೇನ್ ಓಡಿಸಿದರು. ಇಪ್ಪತ್ತೆಂಟು ದಿನ ಅಲ್ಲಿ, ಇಪ್ಪತ್ತೆಂಟು ದಿನ ಮನೆಯಲ್ಲಿ. ಅಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿತ. ಎರಡು ವಾರ ಹಗಲು ಪಾಳಿ, ಎರಡು ವಾರ ರಾತ್ರಿ ಪಾಳಿ. ಊರಿಗೆ ಬಂದರೆ ಮೊದಲ ವಾರವೆಲ್ಲ ಕೂತಲ್ಲೇ ತೂಕಡಿಕೆ. “ಗಂಡ ಬಂದ ಅಂತಾರೆ, ಬಂದಿರೋದು ಬರೀ ಮೈ,” ಎಂದು ಅಕ್ಕ ನಗುತ್ತಿದ್ದಳು.

ಭಾವ ರಿಗ್‌ನಿಂದ ಇಳಿದಾಗಲೆಲ್ಲ ಅವರ ಜಾಗಕ್ಕೆ ಹತ್ತುವ ಜೋಡಿಯೊಬ್ಬನಿದ್ದ. ಇಬ್ಬರಿಗೂ ಅದೇ ಕ್ರೇನ್, ಅದೇ ಬೀರು, ಅದೇ ಮಂಚ. ಹನ್ನೊಂದು ವರ್ಷದಲ್ಲಿ ಜೊತೆಗೆ ಕೂತು ಒಂದು ಲೋಟ ಚಹಾ ಕುಡಿದವರಲ್ಲ. ಹೆಲಿಕಾಪ್ಟರಿನ ಗದ್ದಲದಲ್ಲಿ ಐದು ನಿಮಿಷ ಕಿವಿಗೆ ಬಾಯಿಟ್ಟು ಕೂಗಿಕೊಂಡದ್ದಷ್ಟೇ ಅವರ ಸ್ನೇಹ.

ಅಕ್ಕನಿಗೆ ಹೊಟ್ಟೆಯ ಆಪರೇಷನ್ ನಿಗದಿಯಾದಾಗ ಊರಲ್ಲಿದ್ದ ಭಾವ, ರಿಗ್‌ನಲ್ಲಿದ್ದ ಅವನಿಗೆ ಫೋನ್ ಮಾಡಿದರು.

“ಇನ್ನೊಂದು ವಾರ ತಡ್ಕೋತೀಯಾ?”

“ಅತ್ತಿಗೆ ಹುಷಾರಾಗ್ಲಿ ಮೊದ್ಲು. ನಾನೆಲ್ಲಿಗೆ ಓಡಿಹೋಗ್ಲಿ, ಸುತ್ತ ನೀರು!”

ಆ ಐದನೇ ವಾರ ಅವನು ರಾತ್ರಿ ಪಾಳಿಯಿಂದ ಮತ್ತೆ ಹಗಲಿಗೆ ತಿರುಗಿದ್ದ. ಮೂರು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಎಡತೋಳು ನೋಯುತ್ತಿದೆ ಎಂದಾಗ ಅಡುಗೆಯವನು, “ಡಾಕ್ಟರಿಗೆ ತೋರಿಸು,” ಅಂದನಂತೆ.

“ತೋರಿಸಿದ್ರೆ ನನ್ನ ದಡಕ್ಕೆ ಕಳಿಸ್ತಾರೆ, ಅವನನ್ನ ಆಸ್ಪತ್ರೆಯಿಂದ ಎಳ್ಕೊಂಡು ಬರ್ತಾರೆ. ಇನ್ನು ನಾಲ್ಕೇ ದಿನ ಅಲ್ವಾ.”

ಮರುದಿನ ಮಧ್ಯಾಹ್ನ ಕ್ರೇನ್ ನಿಂತಿತು. ರೇಡಿಯೋದಲ್ಲಿ ಎಷ್ಟು ಕರೆದರೂ ಉತ್ತರವಿಲ್ಲ. ಹತ್ತಿ ನೋಡಿದರೆ ಅವನು ಸೀಟಿನಲ್ಲೇ ಉಸಿರಿಲ್ಲದೆ ಒರಗಿದ್ದ. ಕೊನೆಯ ಹೊರೆಯನ್ನು ಯಾರಿಗೂ ತಾಗದಂತೆ ಕೆಳಗಿಳಿಸಿಟ್ಟಿದ್ದ.

ಸುದ್ದಿ ಬಂದಾಗ ಭಾವ ಆಸ್ಪತ್ರೆಯಲ್ಲಿ ಅಕ್ಕನಿಗೆ ಗಂಜಿ ಕುಡಿಸುತ್ತಿದ್ದರು. ಫೋನ್ ಕಿವಿಯಲ್ಲಿಟ್ಟುಕೊಂಡೇ ಉಳಿದ ಗಂಜಿಯನ್ನೂ ಕುಡಿಸಿ, ಅವಳ ಬಾಯಿ ಒರೆಸಿ, ಹೊರಗೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತರು.

ಹತ್ತನೇ ದಿನ ಅವನ ಮನೆಗೆ ಹೋದೆವು. ಮೂರನೇ ಮಹಡಿಯ ಎರಡು ಕೋಣೆ. ಬಾಗಿಲ ಬಳಿ ಒಗೆದು ಮಡಿಸಿದ ಅವನ ಕೆಲಸದ ಬಟ್ಟೆ. ಹೆಂಡತಿ ಅಳಲಿಲ್ಲ, ಬಯ್ಯಲೂ ಇಲ್ಲ.

“ಇಲ್ಲಿದ್ದಾಗ ಇವರಿಗೆ ನಿದ್ದೇನೇ ಬರ್ತಿರ್ಲಿಲ್ಲ. ಅಲ್ಲಾದ್ರೂ ಚೆನ್ನಾಗಿ ಮಲಗ್ತಿದ್ರಾ ಅಣ್ಣಾ? ಒಂದೇ ಮಂಚ ಅಂತಿದ್ರು.”

ಅವನು ಮಲಗಿದ್ದನ್ನು ಭಾವ ಒಮ್ಮೆಯೂ ಕಂಡವರಲ್ಲ. “ಮಲಗ್ತಿದ್ದ ತಂಗಿ,” ಎಂದರು. “ಚೆನ್ನಾಗೇ ಮಲಗ್ತಿದ್ದ.”

ಕಂಪನಿಯ ಮುಂದಿನ ಆರೋಗ್ಯ ತಪಾಸಣೆಯಲ್ಲಿ ಭಾವ, ಆರು ವರ್ಷದಿಂದ ಮುಚ್ಚಿಟ್ಟಿದ್ದ ತಮ್ಮ ಬಿಪಿಯ ವಿಷಯವನ್ನು ತಾವಾಗಿಯೇ ಡಾಕ್ಟರಿಗೆ ಹೇಳಿಬಿಟ್ಟರು. ಸಮುದ್ರದ ಕೆಲಸ ಅಂದಿಗೇ ಮುಗಿಯಿತು. ಈಗ ದಡದ ಉಗ್ರಾಣದಲ್ಲಿ ಹಗ್ಗ, ಕೊಕ್ಕೆ ಎಣಿಸಿ ಕೊಡುತ್ತಾರೆ. ಅಕ್ಕ ಪೂರ್ತಿ ಗುಣವಾದಳು. ಆದರೆ ಹೊಟ್ಟೆಯ ನೋವು ಹೋಯಿತು ಎಂದು ಭಾವನ ಮುಂದೆ ಹೇಳಲು ಅವಳಿಗೆ ಇಂದಿಗೂ ಬಾಯಿ ಬಂದಿಲ್ಲ.