ಹಗೇವಿನ ತಳದ ಹರಳು

ಲಾತೂರಿಗೆ ರೈಲಿನಲ್ಲಿ ನೀರು ಬಂದ ಆ ಬರಗಾಲದ ವರ್ಷ ನಾನು ಅದೇ ಜಿಲ್ಲೆಯ ಉದಗೀರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದೆ. ಜಳಕೋಟದ ಮಹಾದೇವಿ ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದಳು. ಕಣ್ಣಿಗೆ ಕಾಣದ ಲೇಸರ್ ಕಿರಣವನ್ನು ಹಸಿರು ಬೆಳಕಾಗಿಸುವ ಸಾವಯವ ನಾನ್‌ಲೀನಿಯರ್ ಆಪ್ಟಿಕಲ್ ಹರಳುಗಳನ್ನು ಬೆಳೆಸುವ ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂಬುದು ಅವಳ ಪ್ರಶ್ನೆ. ಒಂದರಲ್ಲಿ ದ್ರಾವಣವನ್ನು ನೀರಿನ ತೊಟ್ಟಿಯಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಇನ್ನೊಂದರಲ್ಲಿ ಉಷ್ಣತೆ ಏರದೆ ಇಳಿಯದೆ, ದ್ರಾವಣದ ಮೆಥನಾಲ್ ತಾನಾಗಿ ಆರಿಹೋಗಬೇಕು.

ಮೊದಲನೆಯದು ನೀರಿದ್ದಾಗಲೇ ಮುಗಿದಿತ್ತು. ಎರಡನೆಯದು ನಮ್ಮ ಕುತ್ತಿಗೆಗೆ ಬಂತು. ಕರೆಂಟ್ ಹೋದರೆ ಲ್ಯಾಬ್ ಹೆಂಚಿನಂತೆ ಕಾಯುತ್ತಿತ್ತು, ಹರಳು ಬಿರಿಯುತ್ತಿತ್ತು. ವಿಶ್ವವಿದ್ಯಾಲಯದ ಕೊನೆಯ ಗಡುವು ತಪ್ಪಿದರೆ ಅವಳ ನೋಂದಣಿಯೇ ರದ್ದು.

ಆಗ ಅವಳಿಗೆ ಮನೆಯ ಹಗೇವು ನೆನಪಾಯಿತು. ಜೋಳ ತುಂಬಿಡುವ ಆ ನೆಲದೊಳಗಿನ ಗುಂಡಿ ಬೆಳೆಯಿಲ್ಲದೆ ಖಾಲಿ ಬಿದ್ದಿತ್ತು. ಬೇಸಿಗೆಯಲ್ಲೂ ಒಳಗೆ ಒಂದೇ ತಂಪು. ಅವಳು ಇಳಿದು ದ್ರಾವಣದ ಬೀಕರುಗಳನ್ನು ತಳದಲ್ಲಿಟ್ಟು ಬಂದಳು. ಹರಳು ಬೆಳೆಯುವವರೆಗೆಂದು ಮನೆಯವರು ಮೇಲೆ ಬಾಯಿ ಮುಚ್ಚಿದರು.

ಬಾಯಿ ತೆರೆಯುವ ದಿನ ನಾನೂ ಹೋಗಿದ್ದೆ. ಹಗೇವಿಗೆ ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುವುದು ಅಲ್ಲಿನ ರೂಢಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿಯಿದೆ ಎಂದರ್ಥ. ಅವಳ ತಂದೆ ಶಿವರಾಜಪ್ಪ ಕಡ್ಡಿ ಗೀರಲು ಹೊರಟರು.

“ಅಪ್ಪಾ, ದೀಪ ಬ್ಯಾಡ,” ಎಂದಳು ಮಹಾದೇವಿ. “ಒಳಗ ಮೆಥನಾಲ್ ಆವಿ ಅದ. ಬೆಂಕಿ ಹತ್ತತದ.”

“ದೀಪ ಬಿಡದ ಯಾರೂ ಇಳಿಯಂಗಿಲ್ಲ.”

“ಉಸುರ ಹಿಡಕೊಂಡು ಇಳೀತೀನಿ.”

ಅವರು ಹಗೇವಿನ ಬಾಯಿಗೆ ಅಡ್ಡ ಕುಳಿತುಬಿಟ್ಟರು. “ಬರೇ ಬಾಯಿ ತೆಗದಿಟ್ರ ತಳದ ಗಾಳಿ ಏಳಂಗಿಲ್ಲ. ಹಗ್ಗಕ್ಕ ಬೇವಿನ ಟೊಂಗಿ ಕಟ್ಟಿ ಬಿಟ್ಟು, ಮ್ಯಾಲ ಕೆಳಗ ಎಳದು ಗಾಳಿ ಆಡಸ್ತೀನಿ. ಟೊಂಗಿ ಬಡದು ಆಕಿ ಗಲಾಸ ಒಡೀತಾವ. ಮೇಡಂ, ನೀವ ಹೇಳ್ರಿ.”

ಮಹಾದೇವಿ ನನ್ನನ್ನೇ ನೋಡಿದಳು. ಇಳಿಸಿದರೆ ಅವಳ ಜೀವಕ್ಕೆ ಅಪಾಯ, ಒಡೆದರೆ ಅವಳ ವರ್ಷಗಳ ದುಡಿಮೆ ಮಣ್ಣುಪಾಲು. ಕೊನೆಗೆ, “ಟೊಂಗಿ ಬಿಡ್ರಿ,” ಎಂದೆ. ಗಾಜು ಒಡೆದ ಸದ್ದು ಮೇಲಕ್ಕೆ ಕೇಳಿಸಿತು. ಅವಳು ಅತ್ತಳು, ನಾನೂ ಅತ್ತೆ.

ಗಾಳಿಯಾಡಲು ಬಿಟ್ಟು, ಮರುದಿನ ಎಲ್ಲರನ್ನೂ ದೂರ ನಿಲ್ಲಿಸಿ ಇಳಿಸಿದ ಕಂದೀಲು ಅಲುಗದೆ ಉರಿಯಿತು. ಅವಳು ಇಳಿದು ಓಢಣಿಯಲ್ಲಿ ಹರಳಿನ ಚೂರುಗಳನ್ನು ಕಟ್ಟಿಕೊಂಡು ಬಂದಳು. ಲೇಸರ್ ಹಾಯಿಸಿದರೆ ಚೂರು ಹಸಿರಾಗಿ ಬೆಳಗಿತು. ಆದರೆ ಎರಡು ವಿಧಾನಗಳ ಹೋಲಿಕೆಗೆ ಇಡೀ ಹರಳೇ ಬೇಕು, ಚೂರು ಸಾಲದು. ಗಡುವು ದಾಟಿತು, ನೋಂದಣಿ ಹೋಯಿತು.

ಹರಳಿನ ಉದ್ದ, ಪಾರದರ್ಶಕತೆ ಎಲ್ಲವನ್ನೂ ಅಳೆಯುತ್ತಿದ್ದ ನಾವು, ಅದನ್ನು ಬೆಳೆಸುವವರ ಉಸಿರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಮೇಲೆ ನನ್ನ ಲ್ಯಾಬಿನಲ್ಲಿ ಯಾವ ವಿಧಾನವನ್ನು ಹೋಲಿಸಿದರೂ ಮಾಡುವವರ ಉಸಿರಿಗೆ ಅಪಾಯವಿದೆಯೇ ಎಂದೇ ಮೊದಲು ಕೇಳುತ್ತಿದ್ದೆ.

ಮಹಾದೇವಿ ಹೊಸದಾಗಿ ನೋಂದಾಯಿಸಿಕೊಂಡಳು. ಮಳೆಯಾಗಿ ಜೋಳ ಬಂದ ಮೇಲೆ ನಾನು ಜಳಕೋಟಕ್ಕೆ ಹೋದಾಗ ಚೀಲಗಳೆಲ್ಲ ಪಡಸಾಲೆಯಲ್ಲೇ ಒಟ್ಟಿದ್ದವು. ಶಿವರಾಜಪ್ಪ ಬೀಕರುಗಳನ್ನು ಮೇಲಿನಿಂದಲೇ ಇಳಿಸಿ ಎತ್ತಲು ಹಗ್ಗಕ್ಕೆ ಬುಟ್ಟಿ ಕಟ್ಟುತ್ತಿದ್ದರು. ಹಗೇವು ಯಾಕೆ ತುಂಬಿಲ್ಲ ಎಂದು ಕೇಳಿದೆ.

“ಅದು ಆಕಿಗಿ ಬೇಕಲ್ರಿ,” ಎಂದರು.