ಬಾಯಿ ತೊಳೆಸುವ ಕಲ್ಲು

ಚಪಾತಿ ಬೇಯಿಸುವಾಗ ಉದುರಿದ ಒಣಹಿಟ್ಟು ಕಾದ ಹಂಚಿನ ಮೇಲೆ ಸೀಯುತ್ತದಲ್ಲ, ಆ ವಾಸನೆ ನನಗೆ ಆಗಿಬರುವುದಿಲ್ಲ. ಮನೆಯವರಿಗೆಲ್ಲ ಅದರಿಂದ ಹಸಿವು ಹುಟ್ಟುತ್ತದೆ. ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಒಲೆ ಸಣ್ಣ ಮಾಡುತ್ತೇನೆ, ಕಿಟಕಿ ತೆಗೆಯುತ್ತೇನೆ, ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಾರನ್ ಸದ್ದೆಲ್ಲ ಅಡುಗೆಮನೆಗೆ ನುಗ್ಗಿದ ಮೇಲೆ ಮತ್ತೆ ಮುಚ್ಚುತ್ತೇನೆ. “ಚಪಾತಿ ಮಾಡ್ತಿದ್ಯೋ ಯುದ್ಧ ಮಾಡ್ತಿದ್ಯೋ?” ಎಂದು ಗಂಡ ರೇಗಿಸುತ್ತಾನೆ. ಅವನಿಗೂ ನಾನು ಈ ವಿಷಯ ಹೇಳಿಲ್ಲ.

ಹದಿನೆಂಟು ವರ್ಷಗಳ ಹಿಂದೆ, ಕೆಮಿಸ್ಟ್ರಿ ಓದಿ ಮುಗಿಸಿದ ಹೊಸದರಲ್ಲಿ, ಗರುಡಾಚಾರ್‌ಪಾಳ್ಯದ ಒಂದು ಶೆಡ್ಡಿನಲ್ಲಿದ್ದ ಪುಟ್ಟ ಲ್ಯಾಬಿಗೆ ಕೆಲಸಕ್ಕೆ ಸೇರಿದ್ದೆ. ಅದಿರಿನಲ್ಲಿ ಚಿನ್ನ ಎಷ್ಟಿದೆ ಎಂದು ಪರೀಕ್ಷಿಸಿ ಹೇಳುವುದು ಅಲ್ಲಿನ ಕೆಲಸ. ಮೊದಲ ದಿನವೇ ಬಿಳಿ ಗಡ್ಡದ ಒಬ್ಬರು ನನ್ನ ಕೈಗೆ ಗೋಧಿಹಿಟ್ಟಿನ ಡಬ್ಬ ಕೊಟ್ಟು, “ಒಂದೊಂದ್ ಚಮಚ ಹಾಕ್ತಾ ಬಾ ಪಾಪಾ” ಎಂದರು. ಓದಿದವಳಲ್ಲವೇ, ನನಗೆ ಸಿಟ್ಟು ಬಂತು. ಅಡುಗೆಗೆ ಸೇರಿಸಿಕೊಂಡಿದ್ದಾರಾ ನನ್ನನ್ನು?

ಅಡುಗೆಯೇ ಒಂದು ಲೆಕ್ಕದಲ್ಲಿ. ಕಲ್ಲನ್ನು ನುಣ್ಣಗೆ ಅರೆದು, ಅದಕ್ಕೆ ಸೀಸದ ಭಸ್ಮ, ಸೋಡಾ, ಬಿಳಿಗಾರ ಬೆರೆಸಿ, ಹಿಟ್ಟು ಹಾಕಿ ಮೂಸೆಯಲ್ಲಿಟ್ಟು ಕುಲುಮೆಗೆ ತಳ್ಳಬೇಕು. ಹಿಟ್ಟು ಸುಡುವಾಗ ಭಸ್ಮ ಮತ್ತೆ ಸೀಸವಾಗುತ್ತದೆ, ಕರಗಿ ಇಳಿಯುತ್ತ ಚಿನ್ನವನ್ನೆಲ್ಲ ಬಾಚಿಕೊಂಡು ತಳ ಸೇರುತ್ತದೆ. ಆ ಸೀಸದ ಗುಂಡನ್ನು ಮೂಳೆಬೂದಿಯ ಬಟ್ಟಲಲ್ಲಿಟ್ಟು ಇನ್ನೊಮ್ಮೆ ಕಾಯಿಸಿದರೆ ಬಟ್ಟಲು ಸೀಸವನ್ನು ಹೀರಿಕೊಂಡು, ಸಾಸಿವೆಗಿಂತ ಚಿಕ್ಕದೊಂದು ಕಾಳನ್ನು ಉಳಿಸುತ್ತದೆ. ಅದನ್ನು ತೂಗಿ ಬರೆದರೆ ಒಂದು ಊರಿನ ಹಣೆಬರಹ ಬರೆದ ಹಾಗೆ.

ಆ ಬಿಳಿ ಗಡ್ಡದವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಚಿನ್ನದ ಗಣಿಯ ಊರಿನವರು. ಗಣಿ ಮುಚ್ಚುವ ತನಕ ಅಲ್ಲಿನ ಪರೀಕ್ಷೆಯ ಕೋಣೆಯಲ್ಲೇ ಇದ್ದವರು. ಆಮೇಲೆ ದಿನಾ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಿಂತೇ ಬಂದು, ಕೆ.ಆರ್. ಪುರದಲ್ಲಿಳಿದು, ಬಸ್ಸು ಹಿಡಿದು ನಮ್ಮ ಶೆಡ್ಡಿಗೆ ಬರುತ್ತಿದ್ದರು. ಮಾತಿನಲ್ಲಿ ತಮಿಳು, ಕನ್ನಡ, ಇಂಗ್ಲಿಷು ಎಲ್ಲ ಒಂದೇ ತಟ್ಟೆಯಲ್ಲಿ ಕಲಸಿದಂತೆ. ಕುಲುಮೆಯ ಬಾಗಿಲಿನ ಸಂದಿಯಲ್ಲಿ ಒಮ್ಮೆ ಇಣುಕಿ ಕೆಂಪಿನ ಬಣ್ಣ ನೋಡಿಯೇ ಶಾಖ ಹೇಳುತ್ತಿದ್ದರು. ಮೀಟರು ಅವರಿಗಿಂತ ಬೇರೆ ಹೇಳಿದರೆ ನಾವು ಮೀಟರನ್ನು ರಿಪೇರಿಗೆ ಕಳಿಸುತ್ತಿದ್ದೆವು.

ಅವರದೊಂದು ಕಟ್ಟುನಿಟ್ಟು ಇತ್ತು. ಒಂದು ಸ್ಯಾಂಪಲ್ ಅರೆದ ಮೇಲೆ ಮುಂದಿನದನ್ನು ಹಾಕುವ ಮೊದಲು ಒಂದು ಹಿಡಿ ಬೆಣಚುಕಲ್ಲಿನ ಚೂರು ಹಾಕಿ ಅರೆದು ಚೆಲ್ಲಬೇಕು, ಆಮೇಲೆ ಬ್ರಷ್ಷಿನಲ್ಲಿ ಗುಡಿಸಿ ಒರೆಸಬೇಕು. ಹಿಂದಿನದರ ಚಿನ್ನ ಅರೆಯುವ ಯಂತ್ರದ ತಟ್ಟೆಗೆ ಮೆತ್ತಿಕೊಂಡಿದ್ದರೆ ಕಲ್ಲು ಅದನ್ನು ಕೆರೆದು ತೆಗೆಯುತ್ತದೆ. ಇದಕ್ಕೆ ಅವರು ಯಂತ್ರದ ಬಾಯಿ ತೊಳೆಸೋದು ಎನ್ನುತ್ತಿದ್ದರು. “ಉಂಡ್ ಬಾಯಲ್ಲೇ ಇನ್ನೊಬ್ರ ಮನೆ ಊಟಕ್ಕೆ ಕೂರ್ಬಾರ್ದು ಪಾಪಾ.” ಪೂರಾ ಕಾಲು ಗಂಟೆ ಹಿಡಿಯುವ ಕೆಲಸ ಅದು. ದಿನಕ್ಕೆ ಇಪ್ಪತ್ತು ಸಲ ಮಾಡಿ ನೋಡಿ, ಆಗ ಗೊತ್ತಾಗುತ್ತದೆ.

ಅವರ ಮನೆಯ ಹಿಂದೆ ಗಣಿಯ ಹಳೆಯ ಮರಳು ದಿಬ್ಬವಿತ್ತಂತೆ. ಚಿನ್ನ ತೆಗೆದು ಎಸೆದ ಪುಡಿ, ಗುಡ್ಡದಷ್ಟು. ಅದರಲ್ಲಿ ಇನ್ನೂ ಚಿನ್ನ ಉಳಿದಿದೆ, ಯಾರಾದರೂ ಬಂದು ಮತ್ತೆ ತೆಗೆಯುತ್ತಾರೆ, ಮಕ್ಕಳಿಗೆ ಊರಲ್ಲೇ ಕೆಲಸ ಸಿಗುತ್ತದೆ ಎಂದು ಅವರ ಲೈನಿನವರೆಲ್ಲ, ಗಣಿ ಕೆಲಸಗಾರರ ಸಾಲುಮನೆಗಳವರೆಲ್ಲ, ನಂಬಿದ್ದರು. ಇಲ್ಲ ಎನ್ನುತ್ತಿದ್ದವರು ಮೇಸ್ತ್ರಿ ಒಬ್ಬರೇ. “ನಾನೇ ಟೆಸ್ಟ್ ಮಾಡಿ ಎಸೆದಿದ್ದು ಅದು. ಏನೂ ಇಲ್ಲ. ಸುಮ್ನೆ ಆಸೆ ಇಟ್ಕೊಂಡು ಕೂತಿದಾರೆ,” ಎಂದು ಊಟದ ಹೊತ್ತಿಗೆ ಗೊಣಗುವರು. ಆಸೆ ಕೊಡದ ಮನುಷ್ಯ ಅಂತ ಊರಲ್ಲಿ ಅವರಿಗೆ ಹೆಸರು. ಕೊನೆಗೆ ಲೈನಿನವರು ಒಂದು ಚೀಲದಲ್ಲಿ ಮರಳು ತುಂಬಿ ಅವರ ಕೈಗೇ ಕೊಟ್ಟರು, ನೀವೇ ನೋಡಿ ಹೇಳಿ, ಜಗಳ ಮುಗೀಲಿ ಎಂದು.

ಆ ಚೀಲ ಬಂದ ದಿನ... ನನ್ನ ಮನಸ್ಸು ಶಿವಾಜಿನಗರದಲ್ಲಿತ್ತು. ಮರುದಿನ ಚಿಕ್ಕಪ್ಪನ ಮಗಳ ಮದುವೆ. ಹೊಲಿಯಲು ಕೊಟ್ಟ ಬ್ಲೌಸು ಸಂಜೆಯೊಳಗೆ ತರದಿದ್ದರೆ ಟೈಲರು ಅಂಗಡಿ ಮುಚ್ಚಿಕೊಂಡು ಹೋಗುತ್ತಾನೆ. ಅವತ್ತು ಬೆಳಗ್ಗೆಯಿಂದ ಅರೆದದ್ದು ಹಲಸೂರಿನ ಅಕ್ಕಸಾಲಿಗರ ಅಂಗಡಿಗಳ ಕಸ. ನೆಲ ಗುಡಿಸಿದ ಧೂಳು, ಆದರೆ ಯಾವ ಅದಿರಿಗಿಂತಲೂ ಚಿನ್ನ ಹೆಚ್ಚು. ಅದು ಮುಗಿದಾಗ ಮೂರು ಗಂಟೆ ದಾಟಿತ್ತು. ಉಳಿದದ್ದು ಮೇಸ್ತ್ರಿಯ ಚೀಲ ಒಂದೇ. ಮರಳಾದರೂ ಇನ್ನೊಮ್ಮೆ ಅರೆಯಲೇಬೇಕು. ನಾನು ಬ್ರಷ್ಷು ಆಡಿಸಿದೆ, ಬೆಣಚುಕಲ್ಲಿನ ಡಬ್ಬ ನೋಡಿದೆ, ಗಡಿಯಾರ ನೋಡಿದೆ. ನೇರ ಮರಳು ಸುರಿದೆ.

ಪುಡಿ ತೆಗೆದುಕೊಳ್ಳಲು ಬಂದ ಮೇಸ್ತ್ರಿ ಎಂದಿನಂತೆ ಕೇಳಿದರು. “ಬಾಯಿ ತೊಳೆಸಿದ್ಯಾ ಪಾಪಾ?”

“ಹೂಂ ಮೇಸ್ತ್ರಿ,” ಎಂದೆ. ಬ್ಯಾಗು ಆಗಲೇ ಹೆಗಲಿಗೇರಿತ್ತು.

ಬ್ಲೌಸು ಸಿಕ್ಕಿತು. ತೋಳು ಬಿಗಿಯಾಗಿತ್ತು.

ಮದುವೆ ಮುಗಿಸಿ ಎರಡು ದಿನ ಬಿಟ್ಟು ಬಂದರೆ ಮೇಸ್ತ್ರಿ ಸ್ವೀಟ್ ಬಾಕ್ಸು ಹಿಡಿದು ಬಾಗಿಲಲ್ಲೇ ನಿಂತಿದ್ದರು. ದಿಬ್ಬದಲ್ಲಿ ಚಿನ್ನವಿತ್ತು! ಒಂದೇ ಪುಡಿಯನ್ನು ಎರಡು ಮೂಸೆಯಲ್ಲಿ ಕರಗಿಸಿದ್ದರು, ಎರಡೂ ಒಂದೇ ಉತ್ತರ ಹೇಳಿದ್ದವು. ಲೈನಿನಲ್ಲಿ ಮನೆಮನೆಗೆ ಹೋಗಿ, ಇಷ್ಟು ವರ್ಷ ನಾನೇ ತಪ್ಪು ಹೇಳಿದ್ದೆ ಎಂದು ಕೈಮುಗಿದು ಬಂದಿದ್ದರಂತೆ. ಜನ ಅವರನ್ನು ಎತ್ತಿಕೊಂಡು ಕುಣಿದರಂತೆ. ಹಳೆಯ ದಿಬ್ಬಗಳಿಂದ ಚಿನ್ನ ತೆಗೆಸುವ ಯಾರೋ ಒಬ್ಬ ಕಾಂಟ್ರಾಕ್ಟರು ಬಂದು ನೋಡುತ್ತೇನೆ ಎಂದೂ ಒಪ್ಪಿದ್ದ. “ತಿನ್ನು ಪಾಪಾ, ನಿನ್ ಕೈಗುಣ,” ಎಂದು ಮೈಸೂರು ಪಾಕಿನ ತುಂಡು ಬಾಯಿಗೇ ಇಟ್ಟರು.

ಆಗಲೇ ನನಗೆ ಗೊತ್ತಾಯಿತು, ಅದು ದಿಬ್ಬದ ಚಿನ್ನವಲ್ಲ, ಯಂತ್ರಕ್ಕೆ ಮೆತ್ತಿಕೊಂಡಿದ್ದ ಅಂಗಡಿ ಕಸದ್ದು. ಹೇಳಬಹುದಿತ್ತು. ಆ ಘಳಿಗೆಯಲ್ಲಿ ಹೇಳಿದ್ದರೆ ಒಂದು ದಿನದ ಅವಮಾನದಲ್ಲಿ ಮುಗಿದುಹೋಗುತ್ತಿತ್ತು. ಸಂಜೆ ಹೇಳೋಣ ಎಂದುಕೊಂಡೆ. ನಾಳೆ ಎಂದುಕೊಂಡೆ. ನಾನು ಹೇಡಿ, ಬೇರೆ ಮಾತು ಸಿಗುವುದಿಲ್ಲ ಇದಕ್ಕೆ.

ಕಾಂಟ್ರಾಕ್ಟರು ಬರುವ ಮೊದಲು ದಿಬ್ಬದ ಹತ್ತು ಕಡೆಯ ಮರಳು ತಂದು ಪರೀಕ್ಷೆ ಮಾಡಿ ಎಂದು ಕೇಳಿದ್ದ. ಆ ವಾರ ನಾನು ಪ್ರತಿಯೊಂದಕ್ಕೂ ಎರಡೆರಡು ಸಲ ಯಂತ್ರದ ಬಾಯಿ ತೊಳೆಸಿದೆ. ಮೇಸ್ತ್ರಿ ಬಟ್ಟಲುಗಳನ್ನು ಕುಲುಮೆಯಿಂದ ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದರು. ಹತ್ತರಲ್ಲೂ ಏನಿಲ್ಲ. ಮೊದಲ ಚೀಲದಲ್ಲಿ ಉಳಿದಿದ್ದ ಮರಳನ್ನೂ ಮತ್ತೆ ಅರೆಸಿದರು. ಅದರಲ್ಲೂ ಇಲ್ಲ.

ಬೈಯುತ್ತಾರೆ, ಕೇಳುತ್ತಾರೆ ಎಂದು ಕಾದೆ. ಅವರು ಸ್ಟೂಲಿನ ಮೇಲೆ ಕೂತು ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. “ಪುಡಿ ಟ್ರೇ ಅದ್ಲುಬದ್ಲು ಮಾಡಿರ್ಬೇಕು ನಾನು. ಆ ಅಂಗಡಿ ಕಸದ್ದು ಇಲ್ಲಿಗೆ ಬಂದಿದೆ. ಕಣ್ಣು ಹೋಗ್ತಾ ಇದೆ ಪಾಪಾ.”

ಪಕ್ಕದಲ್ಲೇ ನಿಂತಿದ್ದೆ. ಬೆಣಚುಕಲ್ಲಿನ ಡಬ್ಬ ನನ್ನ ಕೈಯಲ್ಲೇ ಇತ್ತು. ಅದನ್ನು ಅದರ ಜಾಗದಲ್ಲಿಟ್ಟು ಮುಚ್ಚಳ ಮುಚ್ಚಿದೆ.

ಮಾರನೆಯ ದಿನ ಅವರು ರೈಲು ಹತ್ತಲಿಲ್ಲ. ಅದರ ಮಾರನೆಯ ದಿನವೂ. ಮನೆಮನೆಗೆ ಹೋಗಿ ಇಲ್ಲ ಎಂದು ಹೇಳಿ ಬಂದರಂತೆ, ಈ ಸಲ ಯಾರೂ ಕುಣಿಯಲಿಲ್ಲ. ಕಣ್ಣು ಕಾಣದವನು ಇಂಥ ಕೆಲಸ ಮಾಡಬಾರದು ಎಂದು ಮಾಲೀಕರಿಗೆ ಫೋನಿನಲ್ಲಿ ಹೇಳಿ ಕೆಲಸ ಬಿಟ್ಟರು. ಅವರ ಜಾಗಕ್ಕೆ ಮೂರು ತಿಂಗಳಲ್ಲಿ ನಾನೇ ಬಂದೆ.

ಹೋಗಬೇಕು ಎಂದುಕೊಳ್ಳುತ್ತಲೇ ಇದ್ದೆ. ಮದುವೆ, ಮಗು, ಹೊರಮಾವಿನಿಂದ ಇಲ್ಲಿಗೆ ಮನೆ ಬದಲಾವಣೆ, ನೆಪಗಳಿಗೇನು ಬರ. ಕೆ.ಆರ್. ಪುರದ ಸ್ಟೇಷನ್ ದಾಟುವಾಗಲೆಲ್ಲ ಆ ರೈಲು ನಿಂತಿದೆಯೇನೋ ಎಂದು ಕುತ್ತಿಗೆ ತಿರುಗುತ್ತಿತ್ತು. ಕಳೆದ ತಿಂಗಳು, ಒಂದು ಭಾನುವಾರ, ಚಪಾತಿ ಹಂಚು ಇಳಿಸಿ ಸೀದಾ ಹೋಗಿ ಅವರ ಊರಿನ ರೈಲು ಹತ್ತಿದೆ.

ಮೇಸ್ತ್ರಿ ತೀರಿಕೊಂಡು ಆರು ವರ್ಷವಾಗಿತ್ತು. ಅವರ ಮಗಳು ಕಾಫಿ ಕೊಟ್ಟಳು. ಬಾಗಿಲಿನಿಂದಲೇ ದಿಬ್ಬ ಕಾಣುತ್ತಿತ್ತು, ಬೂದಿ ಬಣ್ಣದ್ದು, ಸುಮ್ಮನೆ ಬಿದ್ದಿತ್ತು. ನಾನು ಎಲ್ಲ ಹೇಳಿದೆ. ಬ್ಲೌಸಿನ ವಿಷಯವನ್ನೂ ಬಿಡದೆ ಹೇಳಿದೆ.

“ಅಪ್ಪನ ಕಣ್ಣು ಚೆನ್ನಾಗೇ ಇತ್ತು ಅಕ್ಕಾ. ಮೂರು ಕಣ್ಣಾಸ್ಪತ್ರೇಲಿ ತೋರಿಸಿದ್ವಿ, ಎಲ್ಲ ಡಾಕ್ಟ್ರೂ ಸರಿಯಿದೆ ಅಂದ್ರು. ಅಪ್ಪನೇ ನಂಬಲಿಲ್ಲ. ಕೊನೇವರೆಗೂ ರಸ್ತೆ ದಾಟೋಕೂ ನನ್ ಕೈ ಹಿಡ್ಕೋತಿದ್ರು.” ಆಮೇಲೆ, ಸಿಟ್ಟಿಲ್ಲದೆ, “ಇದನ್ನ ಅವ್ರಿಗ್ ಹೇಳ್ಬೇಕಿತ್ತು ನೀವು. ನಂಗ್ಯಾಕ್ ಹೇಳ್ತೀರಾ?” ಎಂದಳು.

ಕಾಫಿ ಕುಡಿದು ಮುಗಿಸಿ ಎದ್ದು ಬಂದೆ.

ಈಗ ನನ್ನ ಕೈಕೆಳಗೆ ನಾಲ್ಕು ಹುಡುಗಿಯರಿದ್ದಾರೆ. ಯಂತ್ರಗಳು ಹೊಸವು. ಗಾಳಿ ಊದಿದರೆ ಸಾಕು, ಸ್ವಚ್ಛವಾಗುತ್ತವೆ ಎಂದು ಕಂಪನಿಯವರು ಹೇಳಿ ಹೋಗಿದ್ದಾರೆ. ಆದರೂ ಒಂದು ಡಬ್ಬ ಬೆಣಚುಕಲ್ಲು ಇಟ್ಟಿದ್ದೇನೆ. “ಬಾಯಿ ತೊಳೆಸಿದ್ರಾ?” ಎಂದು ಕೇಳುತ್ತೇನೆ. “ಹೂಂ ಮೇಡಂ” ಎನ್ನುತ್ತಾರೆ. ನಾನು ಎದ್ದು ಹೋಗಿ ಮುಚ್ಚಳ ತೆಗೆದು ನೋಡುತ್ತೇನೆ, ಬೆರಳಾಡಿಸುತ್ತೇನೆ. ಅವರಿಗೆ ಬೇಸರವಾಗುವುದು ಗೊತ್ತು.

ಮೇಸ್ತ್ರಿ ಒಂದು ಸಲವೂ ಹಾಗೆ ಬಂದು ನೋಡಲಿಲ್ಲ. ತಮ್ಮ ಕಣ್ಣನ್ನು ಬೇಕಾದರೆ ಅನುಮಾನಿಸಿದರು, ನಾನು ಹೂಂ ಅಂದದ್ದನ್ನು ಅನುಮಾನಿಸಲಿಲ್ಲ.